ಗೆರೆಯ ಹೊರಗೆ ನಿಂತು

ನಾನೇ ಕಲಿಸಿದ ಹುಡುಗರ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಇದನ್ನು ಬರೆದಿಡಬೇಕು ಅನ್ನಿಸಿ ಬಹಳ ಕಾಲವಾಯಿತು. ಆಡುವುದನ್ನು ಬಿಟ್ಟು ಆಡಿಸುವ ಕೆಲಸಕ್ಕೆ ಬಂದವರಿಗೆಲ್ಲ ಇದು ಒಂದಿಷ್ಟಾದರೂ ಇದ್ದೀತು ಎಂದು ನನ್ನ ಅನುಮಾನ. ಆದರೆ ಬೇರೆಯವರ ಮನಸ್ಸಿನ ಲೆಕ್ಕ ನನಗೆ ಬೇಡ. ನನ್ನದನ್ನು ಬಿಚ್ಚಿ ನೋಡಿದರೆ ಸಾಕು.

ನಾನು ದೈಹಿಕ ಶಿಕ್ಷಕ. ಹಿರಿಯೂರು, ಹೊಸದುರ್ಗ, ಈಗ ಹೊಳಲ್ಕೆರೆ ತಾಲ್ಲೂಕು. ವರ್ಗಾವಣೆ ಎಷ್ಟೇ ಆದರೂ ಚಿತ್ರದುರ್ಗ ಜಿಲ್ಲೆಯ ಗಡಿ ದಾಟಿಲ್ಲ. ನಮ್ಮ ಕಡೆ ಆಟ ಅಂದರೆ ಕಬಡ್ಡಿ, ಖೋ-ಖೋ, ವಾಲಿಬಾಲ್. ಹೋಬಳಿ ಮಟ್ಟದ ಕೂಟದಲ್ಲಿ ಕಬಡ್ಡಿ ಅಂಕಣದ ಸುತ್ತ ಊರೇ ನಿಂತಿರುತ್ತದೆ, ನಾನು ಆಡಿಸುವ ಫುಟ್‌ಬಾಲ್‌ಗೆ ಎದುರು ತಂಡ ಸಿಕ್ಕರೆ ಪುಣ್ಯ. ಮೈದಾನವೆಂದರೆ ಗರಸು ನೆಲ, ಜಾರಿ ಬಿದ್ದರೆ ಮೊಣಕಾಲಿನ ಚರ್ಮ ನೆಲಕ್ಕೇ ಹೋಗುತ್ತದೆ. ಗೋಲಿನ ಕಂಬಕ್ಕೆ ಪಕ್ಕದ ತೋಟದ ಅಡಿಕೆ ದಬ್ಬೆ ತಂದು ಹೂಳುತ್ತೇವೆ. ಅಡಿಕೆ ಕೊಯ್ಲು ಶುರುವಾದರೆ ಅರ್ಧ ತಂಡ ಸಂಜೆ ಸುಲಿಯುವ ಕೆಲಸಕ್ಕೆ ಹೋಗುತ್ತದೆ. ಹೋಗಬೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ, ಆ ದುಡ್ಡಿನಲ್ಲೇ ಅವರು ಬೂಟು ಕೊಳ್ಳುವುದು. 2022ರ ವಿಶ್ವಕಪ್ ಆದ ಮೇಲೆ ಸಂತೆಯಲ್ಲೂ ಅರ್ಜೆಂಟೀನಾದ ಬಿಳಿ-ನೀಲಿ ಪಟ್ಟೆಯ ಅಂಗಿ ಬಂತು, ಬೆನ್ನ ಮೇಲೆ ಮೆಸ್ಸಿಯ 10 ಅಂತ. ಖೋ-ಖೋ ಆಡುವವರೂ ಅದನ್ನೇ ಹಾಕಿಕೊಂಡು ಬರುತ್ತಾರೆ.

ಆ ಅಂಗಿ ಹಾಕುವವರಲ್ಲಿ ಒಬ್ಬ ಎಡಗಾಲಿನ ಹುಡುಗ ಇದ್ದಾನೆ. ಒಂದು ಸಲ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಆಡುತ್ತಿದ್ದೆವು. ನಮ್ಮ ಗೋಲ್‌ಕೀಪರ್ ಉದ್ದಕ್ಕೆ ಒದ್ದ ಬಾಲು ಎತ್ತರದಿಂದ ಇಳಿಯುತ್ತಿತ್ತು. ಹುಡುಗ ಓಡುತ್ತಲೇ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿದ. ಎಡಗಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ, ಬಾಲು ಬೂಟಿಗೆ ತಾಕುವ ಹೊತ್ತಿಗೆ ಸರಿಯಾಗಿ ಕಾಲನ್ನು ಕೆಳಕ್ಕೆ ಎಳೆದುಕೊಂಡ. ಬಾಲು ಪುಟಿಯಲೇ ಇಲ್ಲ. ಎದುರಿನವನು ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದ, ಇವನು ಆಗಲೇ ಒಳಕ್ಕೆ ತಿರುಗಿದ್ದ. ಹೀಗೆ ಬಾಲು ನಿಲ್ಲಿಸುವುದನ್ನು ನಾನು ಕಾಲೇಜಿನಲ್ಲಿ ಆಡುವಾಗ ಎಷ್ಟೋ ಸಂಜೆ ಗೋಡೆಯೆದುರು ನಿಂತು ಕಲಿಯಲು ನೋಡಿದವನು. ನನಗೆ ಅದು ದಕ್ಕಲಿಲ್ಲ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನನ್ನೊಳಗೆ ಮೊದಲು ಎದ್ದದ್ದು ಸಂತೋಷವಲ್ಲ. ಎದೆಯಲ್ಲಿ ಏನೋ ಚುಚ್ಚಿತು. ಅದರ ಹಿಂದೆಯೇ ಇನ್ನೊಂದು ಬಯಕೆ: ಇವನಿಗೆ ಕಲಿಸಿದವರು ಯಾರು ಅಂತ ಯಾರಾದರೂ ಕೇಳಲಿ. ಸಂತೋಷ ಬಂದದ್ದು ಮೂರನೆಯದಾಗಿ.

ಈ ಸರದಿಯೇ ನನ್ನನ್ನು ಕಾಡುವುದು. ಕೆಟ್ಟ ಭಾವನೆ ಬಂತು, ಹೋಯಿತು ಎಂದು ಬಿಟ್ಟುಬಿಡಬಹುದಿತ್ತು. ಹುಡುಗನಿಗೆ ಅದರಿಂದ ಏನೂ ಆಗಲಿಲ್ಲ, ಬೆನ್ನು ತಟ್ಟಿದೆ, ಮನಸಾರೆ ತಟ್ಟಿದೆ. ಆದರೂ ಮೂರನೆಯದಾಗಿ ಬರುವ ಸಂತೋಷವನ್ನು ಮೊದಲಿಗೆ ತರಲಾಗದಿದ್ದರೆ ನಾನು ಮಾಡುತ್ತಿರುವುದು ಕಲಿಸುವ ಕೆಲಸವೋ, ಆಡಲಾಗದೆ ಉಳಿದುಹೋದ ನನ್ನ ಪಂದ್ಯಗಳನ್ನು ಈ ಮಕ್ಕಳ ಕಾಲಿನಿಂದ ಆಡಿಸುವ ಕೆಲಸವೋ? ಈ ಪ್ರಶ್ನೆ ಹೊತ್ತುಕೊಂಡೇ ನಾನು ಆಟಗಾರರಾಗಿದ್ದು ಕೋಚ್ ಆದವರ ಬದುಕನ್ನು ಓದುವುದು. ಅದರಲ್ಲಿ ಮತ್ತೆ ಮತ್ತೆ ಹೋಗಿ ನಿಲ್ಲುವುದು ನಮ್ಮವರೇ ಆದ ಕಾರ್ಲ್‌ಟನ್ ಚಾಪ್‌ಮನ್ ಹತ್ತಿರ.

1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು, 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕ್‌ನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು; ಮಿಡ್‌ಫೀಲ್ಡ್‌ನಲ್ಲಿ ಆಡುವ ಚಾಪ್‌ಮನ್ ಹ್ಯಾಟ್ರಿಕ್ ಹೊಡೆದರು. ಭಾರತದ ಕ್ಲಬ್ಬೊಂದು ಇರಾಕಿನ ತಂಡಕ್ಕೆ ಆರು ಗೋಲು ಹಾಕುವುದು ಇವತ್ತಿಗೂ ಸಣ್ಣ ಮಾತಲ್ಲ. 1995ರಲ್ಲಿ ಪಂಜಾಬಿನ ಜೆಸಿಟಿಗೆ ಹೋದರು. ಐ. ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಇವರಿದ್ದ ಆ ತಂಡ 1996-97ರ ಮೊತ್ತಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಗೆದ್ದಿತು. ಆಮೇಲೆ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. ಭಾರತ ತಂಡದ ನಾಯಕರೂ ಆದರು. 2000-01ರಲ್ಲಿ ಇವರ ನಾಯಕತ್ವದಲ್ಲೇ ಈಸ್ಟ್ ಬೆಂಗಾಲ್ ಲೀಗ್ ಗೆದ್ದಿತು, ಅಲ್ಲಿಗೆ ಆಟ ನಿಲ್ಲಿಸಿದರು.

ನನಗೆ ಮುಖ್ಯವಾದದ್ದು ಇದರ ಮುಂದಿನದು. 2002ರಲ್ಲಿ ಅವರು ಹೋದದ್ದು ಜಮ್‌ಶೆಡ್‌ಪುರಕ್ಕೆ, ತಾವು ಕಲಿತ ಅಕಾಡೆಮಿಗೇ, ಕೋಚ್ ಆಗಿ. ಇನ್ನೂ ಮೂವತ್ತೊಂದರ ವಯಸ್ಸು. ಹಿಂದಿನ ವರ್ಷವಷ್ಟೇ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದ ಗದ್ದಲ ಕೇಳಿಸಿಕೊಂಡಿದ್ದ ಕಿವಿಗೆ ಈಗ ಕೇಳಿಸುವುದು ಬೆಳಗಿನ ಅಭ್ಯಾಸದಲ್ಲಿ ಹುಡುಗರ ಏದುಸಿರು. ಅಲ್ಲಿಂದ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವಾ, ಕೊನೆಗೆ ಕೋಳಿಕ್ಕೋಡಿನ ಕ್ವಾರ್ಟ್ಜ್. ಹೆಚ್ಚಿನವು ಟಿವಿಯಲ್ಲಿ ಕಾಣಿಸದ ಪಂದ್ಯಗಳು, ಎರಡನೇ ದರ್ಜೆಯ ಲೀಗುಗಳು. 2020ರ ಅಕ್ಟೋಬರ್ 12ರಂದು ಹೃದಯಾಘಾತವಾಗಿ ಬೆಂಗಳೂರಿನಲ್ಲೇ ತೀರಿಕೊಂಡರು. ಐವತ್ತು ತುಂಬಿರಲಿಲ್ಲ.

ಈ ದಾರಿಯನ್ನು ನೋಡಿ, ಎಲ್ಲಿದ್ದವರು ಎಲ್ಲಿಗೆ ಇಳಿದರು ಅನ್ನುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ನಾಯಕನಾಗಿ ಕಪ್ ಎತ್ತಿದ ಮರುವರ್ಷವೇ ಹೆಸರಿಲ್ಲದ ಹುಡುಗರ ನಡುವೆ ಹೋಗಿ ನಿಲ್ಲಲು ಬೇಕಾಗುವ ಗಟ್ಟಿತನ ಆಡುವ ಗಟ್ಟಿತನಕ್ಕಿಂತ ಬೇರೆ ಜಾತಿಯದು, ನನ್ನ ಪ್ರಕಾರ ದೊಡ್ಡದು. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಆದರೆ ಒಂದೂರು ಬಿಟ್ಟು ಇನ್ನೊಂದೂರಿಗೆ, ಜಾರ್ಖಂಡದಿಂದ ಮೇಘಾಲಯಕ್ಕೆ, ದೆಹಲಿಯಿಂದ ಕೇರಳಕ್ಕೆ ಹದಿನೈದು ವರ್ಷಕ್ಕೂ ಮೇಲೆ ಹೋಗುತ್ತಲೇ ಇದ್ದರಲ್ಲ, ಅದು ಕಣ್ಣೆದುರಿನ ಸಂಗತಿ. ಬರೀ ಕೀರ್ತಿಯ ಹಂಬಲ ಇದ್ದವರು ಅಷ್ಟು ದೂರ ನಡೆಯುವುದಿಲ್ಲ. ನಮ್ಮ ಮಕ್ಕಳು ಓದುವ ಯಾವ ಪಾಠದಲ್ಲೂ ಅವರ ಹೆಸರನ್ನು ನಾನು ಕಂಡಿಲ್ಲ ಎಂಬ ನೋವು ಬೇರೆ ಇದೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಚಾಪ್‌ಮನ್ ಇದ್ದಿದ್ದರೆ ಅಂದುಕೊಂಡೆ.

ಅರ್ಜೆಂಟೀನಾದ ಕೋಚ್ ಲಿಯೊನೆಲ್ ಸ್ಕಾಲೋನಿ ನನಗೆ ಹತ್ತಿರವಾದದ್ದು ಬೇರೆ ಕಾರಣಕ್ಕೆ. ಅವರು ಸಾಂತಾ ಫೆ ಪ್ರಾಂತ್ಯದ ಪುಹಾತೊ ಎಂಬ ಸಣ್ಣ ಊರಿನವರು, ಹೊಲಗದ್ದೆಗಳ ನಡುವಿನ ಊರು. ರೈಟ್ ಬ್ಯಾಕ್ ಜಾಗದಲ್ಲಿ ದುಡಿಯುವ ಆಟಗಾರ. ಸ್ಪೇನಿನ ದೆಪೊರ್ತಿವೊ ತಂಡದಲ್ಲಿ ಲೀಗ್ ಗೆದ್ದರು ನಿಜ, ಆದರೆ ಹೆಸರು ಹೇಳಿದ ಕೂಡಲೇ ಜನ ಎದ್ದು ನಿಲ್ಲುವಂಥ ಆಟಗಾರನಾಗಿರಲಿಲ್ಲ. 2006ರ ವಿಶ್ವಕಪ್‌ನಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಪಂದ್ಯ, ಮೆಕ್ಸಿಕೊ ಎದುರು. ಅದೇ ಪಂದ್ಯದ ಕೊನೆಯಲ್ಲಿ ಬದಲಿ ಆಟಗಾರನಾಗಿ ಇಳಿದವನು ಹತ್ತೊಂಬತ್ತು ತುಂಬಿದ ದಿನದ ಮೆಸ್ಸಿ. ಮುಂದೆ ಜರ್ಮನಿಯ ಎದುರು ಅರ್ಜೆಂಟೀನಾ ಪೆನಾಲ್ಟಿಯಲ್ಲಿ ಸೋತು ಹೊರಬಿದ್ದ ದಿನ ಇಬ್ಬರೂ ಆಡಲಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೊಂದು ನಡೆದಿತ್ತು. ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್, ಲಿವರ್‌ಪೂಲ್ ಎದುರು ವೆಸ್ಟ್ ಹ್ಯಾಮ್ 3-2ರಿಂದ ಮುಂದಿತ್ತು, ಆಟ ಮುಗಿಯಲು ಗಳಿಗೆ ಬಾಕಿ. ವೆಸ್ಟ್ ಹ್ಯಾಮ್ ಪರ ಆಡುತ್ತಿದ್ದ ಸ್ಕಾಲೋನಿ ದೂರಕ್ಕೆ ಒದ್ದ ಬಾಲು ಮತ್ತೆ ಲಿವರ್‌ಪೂಲಿನವರಿಗೇ ಸಿಕ್ಕಿತು, ಸ್ಟೀವನ್ ಜೆರಾರ್ಡ್ ದೂರದಿಂದ ಬಾರಿಸಿ ಸಮ ಮಾಡಿದ. 3-3, ಕೊನೆಗೆ ಪೆನಾಲ್ಟಿಯಲ್ಲಿ ಸೋಲು. 2022ರ ಡಿಸೆಂಬರ್ 18ರಂದು ಲುಸೈಲ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲೂ 3-3, ಮತ್ತೆ ಪೆನಾಲ್ಟಿ. ಈ ಸಲ ಅವರು ಗೆರೆಯ ಹೊರಗಿದ್ದರು. ಬಾಲು ತಮ್ಮ ಕಾಲಿಗೆ ಬರುವಂತಿರಲಿಲ್ಲ, ಮಾಡಬೇಕಾದ್ದೆಲ್ಲ ಮೊದಲೇ ಮಾಡಿ ಮುಗಿದಿತ್ತು. ಸೌದಿ ಅರೇಬಿಯದ ಎದುರು 2-1ರಿಂದ ಸೋತ ಮೇಲೆ ತಂಡವನ್ನು ಬಿಚ್ಚಿ ಮತ್ತೆ ಕಟ್ಟಿದ್ದರು, ಎನ್ಸೊ ಫೆರ್ನಾಂಡಿಸ್, ಹೂಲಿಯನ್ ಅಲ್ವಾರೆಸ್‌ರಂಥ ಎಳೆಯರಿಗೆ ಜಾಗ ಕೊಟ್ಟಿದ್ದರು. ಫೈನಲ್‌ಗೆ ದಿ ಮರಿಯಾನನ್ನು ಎಡಗಡೆ ನಿಲ್ಲಿಸಿದರು. ಮೊದಲ ಪೆನಾಲ್ಟಿ ದಕ್ಕಿದ್ದು ಅವನಿಂದ, ಎರಡನೇ ಗೋಲು ಹೊಡೆದವನೂ ಅವನೇ. 2018ರಲ್ಲಿ ಸ್ಕಾಲೋನಿಯನ್ನು ಹಂಗಾಮಿ ಕೋಚ್ ಆಗಿ ಕೂರಿಸಿದಾಗ ಮರಡೋನಾ ಅವರಂಥವರೇ ಬಹಿರಂಗವಾಗಿ ಟೀಕಿಸಿದ್ದರು. ಅದಕ್ಕೂ ಮೊದಲು ಸ್ಕಾಲೋನಿ ಮಲ್ಲೋರ್ಕಾ ದ್ವೀಪದಲ್ಲಿ ಸಣ್ಣ ಕ್ಲಬ್ಬಿನ ಹುಡುಗರಿಗೆ ಕಲಿಸಿದವರು.

ಚಾಪ್‌ಮನ್, ಸ್ಕಾಲೋನಿ ಇಬ್ಬರ ಬದುಕೂ ಒಂದೇ ಥರದ್ದಲ್ಲ, ಹೋಲಿಸಲು ನಾನು ಹೊರಟಿಲ್ಲ. ಒಬ್ಬರು ಎತ್ತರದಲ್ಲಿ ಆಡಿ ಸಣ್ಣ ಮೈದಾನಗಳಲ್ಲಿ ಕಲಿಸಿದರು. ಇನ್ನೊಬ್ಬರು ಸಾಧಾರಣವಾಗಿ ಆಡಿ ಜಗತ್ತು ಗೆದ್ದ ತಂಡ ಕಟ್ಟಿದರು. ಆದರೆ ಇಬ್ಬರಿಗೂ ಒಂದು ಗಳಿಗೆ ಬಂದಿರಲೇಬೇಕು: ಕಾಲಿಗೆ ಗೊತ್ತಿರುವುದನ್ನು ಬಾಯಿಗೆ ತಂದು, ಅದು ಇನ್ನೊಬ್ಬನ ಕಾಲಿಗೆ ಹೋಗುವುದನ್ನು ಕೈಕಟ್ಟಿ ನೋಡುವ ಗಳಿಗೆ. ಮೈಗೆ ಇದು ಸುಲಭವಲ್ಲ. ನಾನು ಅಭ್ಯಾಸದ ನಡುವೆ "ಕೊಡ್ರಲಾ ಇಲ್ಲಿ, ತೋರಿಸ್ತೀನಿ" ಅಂತ ಬಾಲು ಇಸಿದುಕೊಳ್ಳುತ್ತೇನೆ. ಒಂದು ಸಲ ತೋರಿಸಿದರೆ ಹುಡುಗರಿಗೆ ಅರ್ಥವಾಗುತ್ತದೆ. ಎರಡನೇ ಸಲ ತೋರಿಸುವುದು ಅವರಿಗಾಗಿ ಅಲ್ಲ ಎಂದು ಈಗ ನನಗೆ ಒಳಗೇ ತಿಳಿಯುತ್ತದೆ. ಹುಡುಗರಿಗೂ ತಿಳಿಯುತ್ತದೇನೋ, ಸುಮ್ಮನೆ ನಿಂತು ನೋಡುತ್ತಾರೆ, ದೊಡ್ಡವರೆಂಬ ಮರ್ಯಾದೆಗೆ. ಆ ಮರ್ಯಾದೆ ನನ್ನನ್ನು ತುಂಬ ಯೋಚನೆಗೆ ಹಚ್ಚಿದೆ.

ಹೊಟ್ಟೆಕಿಚ್ಚು ಹೋಗುತ್ತದೆ ಎಂಬ ಭರವಸೆ ನನಗಿಲ್ಲ. ಅದು ಆಡುವ ಆಸೆಯ ಜೊತೆಗೇ ಹುಟ್ಟಿದ್ದು, ಆ ಆಸೆ ಸತ್ತರೆ ಬೆಳಿಗ್ಗೆ ಆರಕ್ಕೆ ಎದ್ದು ಮೈದಾನಕ್ಕೆ ಹೋಗುವ ಹುರುಪೂ ಸತ್ತೀತು. ನಾನು ನೋಡಿಕೊಳ್ಳಬೇಕಾದ್ದು ಅದು ತಂಡದ ನಿರ್ಧಾರಗಳೊಳಗೆ ಕೈಯಾಡಿಸದಂತೆ. ಯಾರನ್ನು ಎಲ್ಲಿ ಆಡಿಸುವುದು, ಯಾರನ್ನು ಹೊರಗೆ ಕೂರಿಸುವುದು, ಬೇರೆ ಊರಿನ ಆಯ್ಕೆ ಶಿಬಿರಕ್ಕೆ ಯಾರ ಹೆಸರು ಬರೆಯುವುದು, ಇವೆಲ್ಲ ನನ್ನ ಕೈಯಲ್ಲೇ ಇರುವಂಥವು. ಅಲ್ಲೆಲ್ಲ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದು ಹುಡುಗನ ಆಟಕ್ಕೋ, ನನ್ನ ಹೆಸರಿಗೋ? ಉತ್ತರ ಪ್ರತಿಸಲ ಚೊಕ್ಕವಾಗಿ ಬರುವುದಿಲ್ಲ.

ಮೊನ್ನೆ ಆ ಎಡಗಾಲಿನ ಹುಡುಗನೇ ಬಂದು ಕೇಳಿದ. "ಸಾ, ನಾನು ಬಲಗಡೆ ಆಡ್ಲಾ? ಅಲ್ಲಿಂದ ಒಳಕ್ಕೆ ತಿರುಗಿದ್ರೆ ಎಡಗಾಲಲ್ಲಿ ನೇರ ಗೋಲಿಗೆ ಹೊಡೀಬೋದು." ನಾನು ಅವನನ್ನು ಎಡಗಡೆ ಗೆರೆಯ ಪಕ್ಕ ಓಡಿಸಿ ಕ್ರಾಸ್ ಹಾಕಿಸುತ್ತಿದ್ದೆ, ನನ್ನ ಕಾಲದಲ್ಲಿ ಎಡಗಾಲಿನವರು ಆಡುತ್ತಿದ್ದದ್ದು ಹಾಗೆಯೇ. ಅವನು ಗರಸಿನ ಮೇಲೆ ಬೂಟಿನ ತುದಿಯಿಂದ ಗೆರೆ ಎಳೆದು ತೋರಿಸಿದ. ಅವನ ಮಾತಲ್ಲಿ ಹುರುಳಿತ್ತು. ಆಯ್ತು ಕಣಪ್ಪಾ, ಆಡು ಅಂದೆ. ಬಲಗಡೆ ಆಡುತ್ತಿದ್ದವನನ್ನು ಹಿಂದಕ್ಕೆ, ರೈಟ್ ಬ್ಯಾಕ್ ಜಾಗಕ್ಕೆ ಕರೆದಿದ್ದೇನೆ. ಅವನ ಮುಖ ಸಪ್ಪಗಾಗಿದೆ, ಗೋಲು ಹೊಡೆಯುವ ಜಾಗ ಹೋಯಿತಲ್ಲ ಅಂತ. ಸ್ಕಾಲೋನಿ ಆಡಿದ್ದೂ ಅಲ್ಲೇ ಕಣೋ ಅಂದರೆ, "ಅವ್ರು ಯಾರು ಸಾ?" ಅಂದ. ನಾಳೆ ಅಭ್ಯಾಸ ಮುಗಿದ ಮೇಲೆ ಅವನನ್ನು ಕೂರಿಸಿಕೊಂಡು ಹೇಳಬೇಕು, ಪುಹಾತೊದಿಂದ ಶುರುಮಾಡಿ. ಚಾಪ್‌ಮನ್ ಅವರ ವಿಷಯವನ್ನೂ ಹೇಳಬೇಕು.