ಬಿಸಿಲನ್ನು ಅರಸಿ ಕಲ್ಯಾಣಕ್ಕೆ

ಚಳಿಗಾಲ ಬಂದೊಡನೆ ಗೂಡನ್ನು ಬಿಟ್ಟು ಬೆಚ್ಚನೆಯ ನಾಡಿಗೆ ಹೋಗುವುದು ಹಕ್ಕಿಗಳ ಧರ್ಮವೇ ಹೊರತು ಗೃಹಸ್ಥರ ಧರ್ಮವಲ್ಲವೆಂದು ನಾವು ಬಹುಕಾಲ ನಂಬಿದ್ದೆವು. ಕಳೆದ ಮಾರ್ಗಶಿರದಲ್ಲಿ ವೈದ್ಯರು ಆ ನಂಬಿಕೆಯನ್ನು ಮುರಿದರು. ಮಡಿಕೇರಿಯ ಮಂಜು ನಮ್ಮ ಮನೆಯವರ ಉಸಿರಿಗೆ ಒಗ್ಗದಾಗಿತ್ತು. ಒಣ ಹವೆಯ ಬಯಲುಸೀಮೆಯಲ್ಲಿ ಶಿವರಾತ್ರಿಯವರೆಗೆ ಇರಿಸಬೇಕೆಂದು ಅವರ ಅಪ್ಪಣೆಯಾಯಿತು. ಮಗನು ಉದ್ಯೋಗನಿಮಿತ್ತ ಹುಮನಾಬಾದಿನಲ್ಲಿದ್ದುದರಿಂದ ನಾವಿಬ್ಬರೂ ಅಲ್ಲಿಗೆ ಹೊರಟೆವು. ಕಲಬುರಗಿಗೂ ಬೀದರಕ್ಕೂ ನಡುವೆ 2017ರಲ್ಲಿ ತೆರೆದ ರೈಲುದಾರಿ ಹುಮನಾಬಾದನ್ನು ಹಾಯ್ದು ಹೋಗುವುದರಿಂದ ಪ್ರಯಾಣವು ಕಷ್ಟವೆನಿಸಲಿಲ್ಲ.

ಬೀದರ ಸೀಮೆಯ ರಾತ್ರಿಯೂ ಚಳಿಯದೇ. ಆದರೆ ಅದು ಒಣ ಚಳಿ. ಸೂರ್ಯನು ಮೇಲೆದ್ದೊಡನೆ ಓಡಿಹೋಗುತ್ತದೆ. ಬಳಿಕ ದಿನವೆಲ್ಲ ಮೋಡದ ಹಂಗಿಲ್ಲದ ಆಕಾಶ. ಅಂಗಳದಲ್ಲಿ ಕಂಬಳಿ ಹಾಸಿ ಕುಳಿತ ನಮ್ಮ ಮನೆಯವರು ಹತ್ತು ದಿನಗಳೊಳಗೆ ಕೆಮ್ಮಿಲ್ಲದೆ ನಿದ್ರಿಸಿದರು. ಇಷ್ಟು ಸುಖವನ್ನು ಕೊಟ್ಟ ನಾಡು ನಮ್ಮದೇ ರಾಜ್ಯದಲ್ಲಿದ್ದರೂ ನಮಗೆ ಪರದೇಶದಂತೆ ಕಂಡಿತೆಂಬುದನ್ನು ಮರೆಮಾಚಲಾರೆವು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು 1956ರಲ್ಲಿ ಕನ್ನಡ ರಾಜ್ಯವನ್ನು ಸೇರಿದ ಸೀಮೆಯಿದು. ಅಂಗಡಿಯ ಬಾಗಿಲಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಮನೆಯೊಳಗೆ ಕನ್ನಡ. ಒಮ್ಮೊಮ್ಮೆ ಮೂರೂ ಒಂದೇ ವಾಕ್ಯದಲ್ಲಿ! ವ್ಯಾಕರಣವನ್ನು ಕಲಿಸಿಯೇ ಆಯುಷ್ಯವನ್ನು ಸವೆಸಿದ ನಮ್ಮ ಕಿವಿಗೆ ಮೊದಮೊದಲು ಇದು ಸಂಕರವೆಂದೇ ತೋರಿತು.

ಊರಿಗೆ ಅಂಟಿಕೊಂಡಂತಿರುವ ಮಾಣಿಕನಗರವು ಆ ಕಿವಿಗೆ ಮೊದಲ ಪಾಠವನ್ನು ಹೇಳಿತು. ಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, 1865ರಲ್ಲಿ ಇಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಎಲ್ಲ ಮತಗಳೂ ಒಂದೇ ನೆಲೆಗೆ ಒಯ್ಯುವುವೆಂದು ಸಾರಿ ಅದನ್ನು ಸಕಲಮತವೆಂದು ಕರೆದವರು. ಅವರು ಮರಾಠಿ, ಕನ್ನಡ, ಹಿಂದುಸ್ತಾನಿ, ಸಂಸ್ಕೃತಗಳಲ್ಲಿ ಪದಗಳನ್ನು ಕಟ್ಟಿದರು. ದತ್ತಜಯಂತಿಯ ಉತ್ಸವದಲ್ಲಿ ಹಿಂದುಗಳೂ ಮುಸಲ್ಮಾನರೂ ಕೂಡಿದ ಜನಸಂದಣಿಯ ನಡುವೆ ನಿಂತಾಗ, ನಾವು ಸಂಕರವೆಂದು ಹಳಿದುದು ಇಲ್ಲಿ ಸಂಗಮವಾಗಿದೆಯೆಂದು ಹೊಳೆಯಿತು.

ಆದರೂ ನಾಲಗೆಯ ಅಹಂಕಾರವು ಕಿವಿಯದಕ್ಕಿಂತ ಗಟ್ಟಿಯಾದುದು. ಎಳ್ಳಮಾವಾಸ್ಯೆಯ ದಿನ ನೆರೆಮನೆಯ ರೈತರು ನಮ್ಮನ್ನು ತಮ್ಮ ಹೊಲಕ್ಕೆ ಕರೆದೊಯ್ದರು. ಆ ದಿನ ಈ ಸೀಮೆಯ ಊರುಗಳಲ್ಲಿ ಮನೆಗಳು ಬರಿದಾಗಿ ಹೊಲಗಳು ತುಂಬುತ್ತವೆ. ನಿಂತ ಬೆಳೆಯ ನಡುವೆ ಭೂಮಿತಾಯಿಯನ್ನು ಪೂಜಿಸಿ, ನಾಲ್ಕು ದಿಕ್ಕಿಗೂ ಚರಗ ಚೆಲ್ಲಿ, ಬಳಿಕ ಎಲ್ಲರೂ ನೆಲದ ಮೇಲೆ ಕುಳಿತರು. ಸಜ್ಜೆಯ ರೊಟ್ಟಿ, ಹತ್ತಾರು ಬಗೆಯ ಸೊಪ್ಪು ಕಾಳುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಮಣ್ಣಿನ ಗಡಿಗೆಯಲ್ಲಿ ಹುಳಿಬಂದ ಜೋಳದ ಅಂಬಲಿ. ನಾವು ರೊಟ್ಟಿಯ ಅಂಚನ್ನು ಮುರಿದು, "ಸ್ವಲ್ಪ ಅನ್ನವಿದ್ದರೆ..." ಎಂದೆವು. ಮನೆಯ ಹಿರಿಯಳು ನಕ್ಕು, "ಹೊಲದಾಗ ಹೊಲದ್ದೇ ಉಣಬೇಕ್ರಿ ಮಾಸ್ತರ್ರ. ಅನ್ನ ನಿಮ್ಮೂರಾಗ ಅದ, ಎಲ್ಲಿ ಹೋಗ್ತದ?" ಎಂದಳು. ಆಕೆಯ ದನಿಯಲ್ಲಿ ಕಟುತ್ವದ ಲೇಶವೂ ಇರಲಿಲ್ಲ. ಆದುದರಿಂದಲೇ ನಮಗೆ ನಾಚಿಕೆಯು ಇಮ್ಮಡಿಯಾಯಿತು. ಪಕ್ಕದಲ್ಲಿ ನಮ್ಮ ಮನೆಯವರು ಎರಡನೆಯ ಬಾರಿ ಅಂಬಲಿಯನ್ನು ಹಾಕಿಸಿಕೊಳ್ಳುತ್ತಿದ್ದರು.

ಆ ರಾತ್ರಿ, ಊರಿನಿಂದ ತಂದಿದ್ದ ಬಿಲ್ಹಣಕವಿಯ ವಿಕ್ರಮಾಂಕದೇವಚರಿತವನ್ನು ತೆರೆದೆವು. ನಮಗಿಂತ ಒಂಬೈನೂರು ವರ್ಷಗಳಿಗೂ ಹಿಂದೆ, ನಮ್ಮದಕ್ಕಿಂತ ಬಹಳ ಕಡುಚಳಿಯ ನಾಡಿನಿಂದ ಈ ಸೀಮೆಗೆ ಬಂದ ಅತಿಥಿ ಆತನು. ಕಾಶ್ಮೀರದ ಖೋನಮುಖವೆಂಬ ಗ್ರಾಮವನ್ನು ಬಿಟ್ಟು ಮಥುರೆ, ಕಾಶಿ, ಸೋಮನಾಥಗಳನ್ನು ಸುತ್ತಿ ದಕ್ಷಿಣಕ್ಕಿಳಿದ ಬಿಲ್ಹಣನನ್ನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (1076–1126) ವಿದ್ಯಾಪತಿಯನ್ನಾಗಿ ಮಾಡಿದನು. ಅರಸನೆದುರಿಗೇ ಛತ್ರವನ್ನೆತ್ತಿಸಿಕೊಂಡು ಆನೆಯ ಮೇಲೆ ಸಾಗುವ ಗೌರವವು ಆತನಿಗಿತ್ತೆಂದು ಕಲ್ಹಣನು ರಾಜತರಂಗಿಣಿಯಲ್ಲಿ ಬರೆದಿದ್ದಾನೆ. ಇಷ್ಟಾದರೂ ಕವಿಯು ತನ್ನ ಕಾವ್ಯದ ಹದಿನೆಂಟನೆಯ, ಎಂದರೆ ಕಡೆಯ ಸರ್ಗವನ್ನು ತನ್ನ ನಾಡಿಗೂ ಮನೆತನಕ್ಕೂ ಮೀಸಲಿಟ್ಟನು. ಹುಟ್ಟೂರಿನ ಕೇಸರಿಯನ್ನೂ ದ್ರಾಕ್ಷಿಯನ್ನೂ ಹೊಗಳಿದನು. ಆನೆಯ ಮೇಲೆ ಕುಳಿತವನಿಗೂ ಮನೆಯ ನೆನಪು ತಪ್ಪಲಿಲ್ಲವೆಂದ ಮೇಲೆ, ಅನ್ನವನ್ನು ನೆನೆದ ನಮ್ಮದೇನು ಮಹಾಪರಾಧವೆಂದು ಸಮಾಧಾನ ತಂದುಕೊಂಡೆವು.

ಆ ಸಮಾಧಾನವು ಬಹಳ ದಿನ ನಿಲ್ಲಲಿಲ್ಲ. ಬಿಲ್ಹಣನು ಉಂಡ ಋಣವನ್ನು ಕಾವ್ಯವಾಗಿ ತೀರಿಸಿದನು. ಜೈಸಲ್ಮೇರಿನ ಜೈನ ಭಂಡಾರದಲ್ಲಿ ದೊರೆತ ಅದರ ಓಲೆಯ ಪ್ರತಿಯಿಂದ ಬ್ಯೂಲರ್ ಪಂಡಿತರು 1875ರಲ್ಲಿ ಅದನ್ನು ಅಚ್ಚು ಹಾಕಿಸಿದಾಗ ಕಲ್ಯಾಣದ ಅರಸನ ಕಥೆಯು ಲೋಕಕ್ಕೆ ಮತ್ತೆ ತಿಳಿದುಬಂದಿತು. ನಾವು ಏನನ್ನು ತೀರಿಸಿದ್ದೆವು?

ಕಾಶ್ಮೀರದಿಂದ ಬಂದ ಇನ್ನೊಬ್ಬ ಅತಿಥಿಯ ಕಥೆಯನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಕೀರ್ತಿಯನ್ನು ಕೇಳಿ, ಅಲ್ಲಿಯ ಅರಸನೊಬ್ಬನು ಸಿಂಹಾಸನವನ್ನು ತೊರೆದು, ರಾಣಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಮಾರಿ ಬಾಳಿದನೆಂದು ಶರಣರ ಪರಂಪರೆಯು ಹೇಳುತ್ತದೆ. ಆತನೇ ಮೋಳಿಗೆಯ ಮಾರಯ್ಯ, ಆಕೆಯು ಮಹಾದೇವಿ. ಬಸವಣ್ಣನವರು ಗುಟ್ಟಾಗಿ ಇಟ್ಟುಹೋದ ಹೊನ್ನನ್ನೂ ತನಗೆಂದು ಇರಿಸಿಕೊಳ್ಳದೆ ಜಂಗಮರಿಗೆ ಹಂಚಿ, ಮಾರಯ್ಯನು ಮರುದಿನ ಮತ್ತೆ ಕೊಡಲಿಯನ್ನು ಹಿಡಿದನಂತೆ. ಹುಮನಾಬಾದ ತಾಲೂಕಿನ ಮೊಳಕೇರಾ ಗ್ರಾಮದಲ್ಲಿ ಆತನದೆಂದು ಜನರು ತೋರಿಸುವ ಗವಿಯ ಮುಂದೆ ನಿಂತಾಗ, ನಮ್ಮ ಮನೆಯವರು, "ಅರಸನು ಬೇಗ ಒಗ್ಗಿರಬಹುದು, ಒಲೆಯ ಮುಂದೆ ಕುಳಿತ ರಾಣಿಗೆ ರೊಟ್ಟಿ ತಟ್ಟಲು ಎಷ್ಟು ದಿನ ಹಿಡಿಯಿತೋ!" ಎಂದರು. ಪಂಡಿತರಾರೂ ಕೇಳದ ಪ್ರಶ್ನೆಯದು.

ಮರುದಿನದಿಂದಲೇ ಅವರು ನೆರೆಮನೆಯ ಹಿರಿಯಳ ಬಳಿ ರೊಟ್ಟಿ ತಟ್ಟುವುದನ್ನು ಕಲಿಯತೊಡಗಿದರು. ನಾವು ಸಂಜೆಯ ಹೊತ್ತು ಅಂಗಳದಲ್ಲಿ ಆ ಬೀದಿಯ ಮಕ್ಕಳನ್ನು ಕೂಡಿಸಿಕೊಂಡು ಅಮರಕೋಶವನ್ನು ಬಾಯಿಪಾಠ ಮಾಡಿಸಿದೆವು. ಅವರು ನಮಗೆ ಸೀತನಿ ಸುಡುವುದನ್ನು ಕಲಿಸಿದರು. ಯಾರು ಗುರು, ಯಾರು ಶಿಷ್ಯರೆಂಬುದು ತೀರ್ಮಾನವಾಗಲಿಲ್ಲ.

ಹುಮನಾಬಾದಿನಿಂದ ಸುಮಾರು 30 ಕಿಲೋಮೀಟರು ದೂರದ ಬಸವಕಲ್ಯಾಣಕ್ಕೆ ಹಲವು ಬಾರಿ ಹೋಗಿಬಂದೆವು. ಕೋಟೆ, ತ್ರಿಪುರಾಂತಕೇಶ್ವರ ಕೆರೆ, ಶರಣರ ಗವಿಗಳು, ನಾರಾಯಣಪುರದ ಶಿವಾಲಯ, ಎಲ್ಲವೂ ನೋಡತಕ್ಕವೇ. ಜಲಸಂಗ್ವಿಯ ದೇವಾಲಯದ ಗೋಡೆಯಲ್ಲಿ ಕಲ್ಲಿನ ಸುಂದರಿಯೊಬ್ಬಳು ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತಿದ್ದಾಳೆ. ಸಂಸ್ಕೃತವನ್ನು ಬಲ್ಲವರು ಅವಳನ್ನು ಕಾಣದೆ ಹಿಂದಿರುಗಬಾರದು.

ಚಳಿಯು ಶಿವ ಶಿವ ಎನ್ನುತ್ತ ಹೋಗುವ ಶಿವರಾತ್ರಿಯೂ ಬಂದಿತು. ಹೊರಡುವ ದಿನ ಆ ಹಿರಿಯಳು ಜೋಳದ ಹಿಟ್ಟನ್ನೂ ತೊಗರಿಬೇಳೆಯನ್ನೂ ಗಂಟುಕಟ್ಟಿ ತಂದಳು. ನಮ್ಮ ಮನೆಯವರು ಆಕೆಯ ಕೈಯನ್ನು ಹಿಡಿದು, "ಮುಂದಿನ ಎಳ್ಳಮಾವಾಸ್ಯೆಗೆ ಭಜ್ಜಿಗೆ ಸೊಪ್ಪು ಸೋಸಲು ನಾನೇ ಬರುತ್ತೇನೆ" ಎಂದರು. ಬರುತ್ತೇವೆಯೋ ಇಲ್ಲವೋ, ಉಸಿರನ್ನು ಕೊಟ್ಟವನ ಚಿತ್ತ. ಆದರೆ ಬಂದರೆ ಅತಿಥಿಗಳಾಗಿ ಬರುವುದಿಲ್ಲ.

ಕಾಶ್ಮೀರದ ಅರಸನಾದ ಹರ್ಷನು (1089–1101) ದಕ್ಷಿಣದ ಉಡುಗೆತೊಡುಗೆಗಳ ರೀತಿಗೆ ಮನಸೋತು ಕರ್ಣಾಟದ ಮಾದರಿಯ ನಾಣ್ಯಗಳನ್ನು ಹೊಡೆಸಿದನೆಂದು ಕಲ್ಹಣನು ಹೇಳುತ್ತಾನೆ. ಬೆಚ್ಚನೆಯ ನಾಡಿನದೇನಾದರೊಂದು ಹೀಗೆ ಚಳಿಯ ನಾಡಿಗೆ ಹೋಗಿ ಸೇರುವುದು ಹಳೆಯ ಪದ್ಧತಿಯೇ ಸರಿ. ನಮ್ಮ ಮಡಿಕೇರಿಯ ಅಡಿಗೆಮನೆಯಲ್ಲಿ ಈಗ ವಾರಕ್ಕೆರಡು ದಿನ ರೊಟ್ಟಿ ತಟ್ಟುವ ಸದ್ದು ಕೇಳಿಸುತ್ತದೆ. ಅನ್ನ ಎಲ್ಲಿಗೂ ಹೋಗಿಲ್ಲ.