ಎತ್ತಿನ ಅಂಜಿಕೆ

ರಂಗನತಿಟ್ಟಿನಲ್ಲಿ ದೋಣಿಯು ಎಷ್ಟು ಸಮೀಪಕ್ಕೆ ಹೋದರೂ ಕೊಕ್ಕರೆಗಳು ಏಳುವುದಿಲ್ಲ. ಸಲೀಂ ಆಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳಲ್ಲಿ, ದೋಣಿಯಿಂದ ಕೇಡಿಲ್ಲವೆಂಬುದನ್ನು ಅವು ಕಲಿತುಕೊಂಡಿವೆ. ಆದರೆ ಮೊನ್ನೆ ನಾನು ನೋಡುತ್ತಿದ್ದಂತೆಯೇ ಹದ್ದೊಂದರ ನೆರಳು ತಿಟ್ಟಿನ ಮೇಲೆ ಹಾಯ್ದಿತು. ಬೆಳ್ಳಕ್ಕಿಗಳೆಲ್ಲವೂ ಒಮ್ಮೆಗೇ ಮೇಲೆದ್ದವು. ಜನರನ್ನು ಲೆಕ್ಕಿಸದ ಹಕ್ಕಿಗಳು ಬರಿಯ ನೆರಳಿಗೆ ಬೆದರಿದುದನ್ನು ಕಂಡು, ನನ್ನ ಬಾಲ್ಯದ ಒಂದು ಎತ್ತು ನೆನಪಿಗೆ ಬಂದಿತು.

ಕೃಷ್ಣರಾಜಪೇಟೆಯ ಸೀಮೆಯ ಹೇಮಗಿರಿ ಜಾತ್ರೆಯಲ್ಲಿ ತಾತನು ಹಳ್ಳಿಕಾರ್ ತಳಿಯ ಎಳೆಯ ಎತ್ತೊಂದನ್ನು ಕೊಂಡನು. ನಾಗಮಂಗಲದ ಕಡೆಯ ನಮ್ಮೂರಿಗೆ ಅದನ್ನು ಹೊಡೆದುಕೊಂಡು ಬರುತ್ತಿದ್ದೆವು. ಊರು ಇನ್ನೇನು ಸಿಕ್ಕಿತೆನ್ನುವಾಗ, ಕಬ್ಬಿನ ಗದ್ದೆಯ ಬದುವಿನಲ್ಲಿ ಅದು ಗಕ್ಕನೆ ನಿಂತುಬಿಟ್ಟಿತು. ಕಿವಿ ನಿಮಿರಿದ್ದವು, ಚರ್ಮ ಅದುರುತ್ತಿತ್ತು, ಕಾಲುಗಳು ಮಾತ್ರ ನೆಟ್ಟ ಗೂಟಗಳು. ಹಸಿವು, ನಿದ್ದೆ, ನನಗೆ ಸಿಟ್ಟು ಬಂದಿತು. ಕೈಯಲ್ಲಿದ್ದ ಕೋಲಿನಿಂದ ಬಾರಿಸತೊಡಗಿದೆನು.

“ಒಡೀಬ್ಯಾಡ ಕಣ್ಲಾ! ಅದು ಅಟ ಮಾಡ್ತಿಲ್ಲ, ಎದ್ರದೆ” ಎಂದು ತಾತನು ಕೋಲನ್ನು ಕಿತ್ತುಕೊಂಡನು.

ಬೆಳಗ್ಗೆ ನೋಡಿದರೆ ಬೇಲಿಯ ಗೂಟಕ್ಕೆ ಯಾರೋ ಕರಿಯ ಕಂಬಳಿ ಹಾಕಿದ್ದರು, ಅಷ್ಟೇ. ತಾತನು ಅದನ್ನು ತೆಗೆಯಗೊಡಲಿಲ್ಲ. ದಿನವೂ ಸಂಜೆ ಎತ್ತನ್ನು ಅಲ್ಲಿಗೆ ಕರೆತಂದು, ದೂರದಲ್ಲಿ ನಿಲ್ಲಿಸಿ ಹುಲ್ಲು ಹಾಕುವನು. ಮರುದಿನ ಒಂದೆರಡು ಮಾರು ಹತ್ತಿರ. ವಾರ ಕಳೆಯುವಷ್ಟರಲ್ಲಿ ಎತ್ತು ಕಂಬಳಿಯನ್ನು ಮೂಸಿ ನೋಡಿ ಮುಂದೆ ನಡೆಯಿತು.

ತಾತನು ಮಾಡಿದುದೇನೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ, ಇಲಿಗಳ ಮೇಲೆ ನಡೆದ ಪ್ರಯೋಗಗಳನ್ನು ಓದಿದಾಗ. ಕಪ್ಪಾದುದೊಂದು ತಲೆಯ ಮೇಲೆ ಹಿಗ್ಗುತ್ತ ಬಂದರೆ, ಕಣ್ಣಿನ ಸುದ್ದಿಯು ನಡುಮಿದುಳಿನ ಸುಪೀರಿಯರ್ ಕೊಲಿಕ್ಯುಲಸ್ ಎಂಬ ಭಾಗಕ್ಕೆ ನೇರವಾಗಿ ಮುಟ್ಟುತ್ತದೆ. ಹಕ್ಕಿಗಳಲ್ಲಿಯೂ ಇದಕ್ಕೆ ಸಮನಾದ ಅಂಗವುಂಟು, ಅದು ಬಹು ದೊಡ್ಡದು. ಅಲ್ಲಿಂದ ಪೆರಿಅಕ್ವಿಡಕ್ಟಲ್ ಗ್ರೇ ಎಂಬ ಬೂದುಬಣ್ಣದ ನರರಾಶಿಗೆ ಅಪ್ಪಣೆ ಇಳಿಯುತ್ತದೆ. ಅದರ ಮೇಲಣ ಪಾರ್ಶ್ವ ಕೆರಳಿದರೆ ಓಟ. ಕೆಳಗಣ ಪಾರ್ಶ್ವ ಕೆರಳಿದರೆ ನಿಂತಲ್ಲಿಯೇ ಮರಗಟ್ಟುವುದು. ವಿಚಾರಕ್ಕೆ ಎಡೆಯೇ ಇಲ್ಲ. ನಾನು ಮೊಂಡುತನವೆಂದು ಹೊಡೆದದ್ದು ಈ ಮರಗಟ್ಟುವಿಕೆಯನ್ನು.

ಇನ್ನು ತಾತನ ಉಪಾಯ. 2025ರಲ್ಲಿ ಲಂಡನ್ನಿನ ವಿಜ್ಞಾನಿಗಳು ಒಂದು ಸಂಗತಿಯನ್ನು ಪ್ರಕಟಿಸಿದರು. ನೆರಳಿಗೆ ಓಡುವ ಇಲಿಗೆ, ಅದರಿಂದ ಅಪಾಯವಿಲ್ಲವೆಂದು ಮತ್ತೆಮತ್ತೆ ತೋರಿಸಿದರೆ ಓಟ ನಿಲ್ಲುತ್ತದೆ. ಆ ಪಾಠವನ್ನು ಹೇಳಿಕೊಡುವುದು ಮಿದುಳಿನ ಮೇಲುಪದರದಲ್ಲಿರುವ ನೋಟದ ಕ್ಷೇತ್ರ. ಆದರೆ ಪಾಠವು ಉಳಿಯುವುದು ಅಲ್ಲಲ್ಲ, ಥಾಲಮಸಿನ ಬಳಿಯ ಸಣ್ಣದೊಂದು ನರಕೇಂದ್ರದಲ್ಲಿ. ಕಲಿತ ಮೇಲೆ ಗುರುವಿನ ಹಂಗಿಲ್ಲ! ಎತ್ತಿನಲ್ಲಿಯೂ ಇಂತಹುದೇ ನಡೆದಿರಬೇಕೆಂದು ನನ್ನ ಊಹೆ.

ಪೆಟ್ಟಿನ ಲೆಕ್ಕವೇ ಬೇರೆ. ಅದನ್ನು ಬರೆದಿಡುವುದು ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗ. ಬಲು ಕಟ್ಟುನಿಟ್ಟಿನ ಶಾನುಭೋಗ. ಎತ್ತು ನಮ್ಮಲ್ಲಿ ಹನ್ನೊಂದು ವರ್ಷ ದುಡಿಯಿತು. ತಾತನ ಕೊರಳ ದನಿ ಕೇಳಿದರೆ ಕತ್ತು ಚಾಚುತ್ತಿತ್ತು. ಕೋಲನ್ನು ನಾನು ಮತ್ತೆ ಮುಟ್ಟಲಿಲ್ಲ. ಹುಲ್ಲು, ಬೆಲ್ಲ, ಹಿಂಡಿ ಎಲ್ಲವನ್ನೂ ಕೈಯಾರೆ ತಿನ್ನಿಸಿದೆನು. ತಿನ್ನುತ್ತಿತ್ತು. ಆದರೆ ಮೈದಡವಲೆಂದು ಬಲಗೈಯನ್ನು ಮೇಲೆತ್ತಿದರೆ ಸಾಕು, ಮೆಲುಕು ನಿಲ್ಲಿಸಿ, ಕಣ್ಣು ಮುಚ್ಚಿ, ಅಂದು ಗದ್ದೆಯ ಬದುವಿನಲ್ಲಿ ನಿಂತಂತೆಯೇ ನಿಂತುಬಿಡುತ್ತಿತ್ತು.