ಸಾಲು ಮನೆಗಳಂಥ ಮೂರು ಸಂಖ್ಯೆಗಳು

ಹನೂರು 571439, ಕೊಳ್ಳೇಗಾಲ 571440, ಯಳಂದೂರು 571441. ನಮ್ಮ ಮೂರು ಊರುಗಳ ಪಿನ್ ಕೋಡುಗಳು ಸಾಲು ಮನೆಗಳಂತೆ ಒಂದರ ಪಕ್ಕ ಒಂದು ನಿಂತಿವೆ. 1972ರ ಆಗಸ್ಟ್ 15ರಂದು ಪಿನ್ ಪದ್ಧತಿ ಜಾರಿಗೆ ಬಂದಾಗ ಈ ಊರುಗಳು ಮೈಸೂರು ಜಿಲ್ಲೆಯಲ್ಲಿದ್ದವು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ.

"ನಮ್ ಹೈದನ್ಗ ಲೆಕ್ಕ ಹತ್ತದಿಲ್ಲ ಸಾ" ಎಂದು ಪೋಷಕರು ಮಗನ ಎದುರಿಗೇ ಹೇಳಿಬಿಡುತ್ತಾರೆ. ಹುಡುಗ ಅದನ್ನೇ ನಂಬಿ ಕೂರುತ್ತಾನೆ. ಅಂಥವರಿಗಾಗಿ ನಾನು ಬೋರ್ಡಿನ ಮೇಲೆ ಬರೆಯುವುದು ಈ ಸಂಖ್ಯೆಗಳನ್ನೇ. ವಿಳಾಸದಲ್ಲಿ ಬರೆದು ಬರೆದು ಪರಿಚಯವಾದ ಸಂಖ್ಯೆಗೆ ಹೆದರುವವರು ಕಡಿಮೆ.

ಕೊಳ್ಳೇಗಾಲದ್ದು ಧಾರಾಳ ಸ್ವಭಾವ. 2, 3, 5, 8, 12, 16 ಯಾರು ಬಂದರೂ ಶೇಷವಿಲ್ಲದೆ ಹಂಚುತ್ತದೆ. 240ನ್ನು 2381ರಿಂದ ಗುಣಿಸಿದರೆ ಬರುವ ಸಂಖ್ಯೆ ಇದು. ಒಟ್ಟು 40 ಭಾಜಕಗಳು. ಅದರಿಂದ ಒಂದು ಹೆಚ್ಚು, ಒಂದು ಕಡಿಮೆ ಇರುವ ನೆರೆಯವರು 2, 3, 5ರಿಂದ ಭಾಗವಾಗುವಂತಿಲ್ಲ. 30ರ ಎಡಬಲಕ್ಕೆ 29, 31 ಇರುವಂತೆ ಇವೂ ಅವಳಿ ಅವಿಭಾಜ್ಯಗಳೇ? ತರಗತಿಯಲ್ಲಿ ಹೌದೆಂದು ಕೈಯೆತ್ತುವವರೇ ಹೆಚ್ಚು.

ಪರೀಕ್ಷಿಸಲು ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಬೇಕು. ಇಲ್ಲಿ ಅದು 755ರವರೆಗೆ; 2, 3, 5 ಬಿಟ್ಟರೂ 130 ಭಾಗಾಕಾರ! ಒಂದು ಪೀರಿಯಡ್ಡಿನಲ್ಲಿ ಮುಗಿಯುವ ಮಾತಲ್ಲ.

ಆದರೆ 7, 11, 13ಕ್ಕೆ ಸುಲಭದ ದಾರಿಯಿದೆ. ಮೂರನ್ನೂ ಗುಣಿಸಿದರೆ 1001. ಹನೂರಿನ ಸಂಖ್ಯೆಯೆಂದರೆ 571 ಸಾವಿರ, ಮೇಲೆ 439. ಅಂದರೆ 571 ಸಲ 1001ರಲ್ಲಿ, 571 ಮತ್ತು 439ರ ವ್ಯತ್ಯಾಸವನ್ನು ಕಳೆದದ್ದು. ಆ ವ್ಯತ್ಯಾಸವನ್ನಷ್ಟೇ ನೋಡಿದರೆ ಸಾಕು: 132. ಅದು 11ರ ಮಗ್ಗಿಯಲ್ಲಿದೆ, ಹನೂರು ಅವಿಭಾಜ್ಯವಲ್ಲ. ಯಳಂದೂರಿಗೆ 571ರಲ್ಲಿ 441 ಕಳೆದರೆ 130; ಅದು 13ಕ್ಕೆ ಸಿಕ್ಕಿತು.

ಪೂರ್ತಿ ಬಿಡಿಸಿದರೆ ಯಳಂದೂರು 13×113×389, ಹನೂರು 11×51949. ಈ 51949 ಇನ್ನು ಒಡೆಯುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು 227ರವರೆಗೆ ಭಾಗಿಸುತ್ತ ಒಂದು ಭಾನುವಾರ ಕಳೆದೆ. ಇದಕ್ಕೆ ಅಂಚೆ ಇಲಾಖೆಯವರು ಸಂಬಳ ಕೊಡುತ್ತಾರೆಯೇ ಎಂದು ಮನೆಯಾಕೆ ಕೇಳಿದಳು. ಗುಣಿಸುವುದು ಅರ್ಧ ನಿಮಿಷದ ಕೆಲಸ, ಒಡೆಯುವುದು ಇಡೀ ದಿನದ್ದು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಕಷ್ಟವನ್ನೇ ಬೀಗ ಮಾಡಿಕೊಂಡು ಗುಪ್ತಲಿಪಿ ರಚಿಸಿದರು. ಅದರಲ್ಲೀಗ 600ಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಗಳನ್ನು ಬಳಸುತ್ತಾರೆ.

ಲೆಕ್ಕ ಹತ್ತದೆಂದು ಅಪ್ಪನಿಂದ ಹೇಳಿಸಿಕೊಂಡಿದ್ದ ಎಂಟನೇ ತರಗತಿಯ ಹುಡುಗಿಯೊಬ್ಬಳು ಮರುದಿನ ಬೆಂಗಳೂರು ಜಿಪಿಓದ 560001 ಹಿಡಿದು ಬಂದಳು. 560ರಲ್ಲಿ 1 ಕಳೆದರೆ 559, ಅದು 13ಕ್ಕೆ ಹೋಗುತ್ತದೆ, ಭಾಗಲಬ್ಧ 43077 ಎಂದಳು.

"ಇದೂ ಒಡೀತದಾ ಸಾ?"

ಅಂಕಿಗಳನ್ನು ಕೂಡಿಸಿ ನೋಡವ್ವ, ಎಂದೆ.